18 ಅಕ್ಷೋಹಿಣಿ ಪಾತ್ರಗಳನ್ನ ಏನು ಮಾಡೋದು?

ಬಿಟಿಎಂ ಲೇಔಟ್‌ನ ಪಿಜಿಗಳಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ಎರಡು ಥರದ ಜಗಳ ನಡೆಯುತ್ತೆ. ಒಂದು ಕ್ರಿಕೆಟ್‌ದು, ಅದನ್ನ ಬಿಡಿ. ಇನ್ನೊಂದು ದಪ್ಪ ದಪ್ಪ ಫ್ಯಾಂಟಸಿ ಪುಸ್ತಕಗಳದ್ದು. ಸಾವಿರಾರು ಪುಟ ಓದಿ ಬಂದವರ ದೂರು ಯಾವಾಗಲೂ ಎರಡೇ. "ಈ ಲೇಖಕನಿಗೆ ಪಾತ್ರಗಳನ್ನ ಸಾಯಿಸೋ ಚಟ ಗುರು" ಅನ್ನೋದು ಒಂದು. "ಪಾತ್ರಗಳು ಜಾಸ್ತಿಯಾಗಿ ಯಾರು ಯಾರ ಮಗ ಅಂತಾನೇ ಗೊತ್ತಾಗಲ್ಲ" ಅನ್ನೋದು ಇನ್ನೊಂದು. ತಮಾಷೆ ಅಂದ್ರೆ ಎರಡನ್ನೂ ಒಬ್ಬರೇ ಹೇಳ್ತಾರೆ. ಜನ ಜಾಸ್ತಿ ಅಂತಾನೂ ಬೈಸ್ಕೊಂಡು, ಕಮ್ಮಿ ಮಾಡಿದ್ದಕ್ಕೂ ಬೈಸ್ಕೊಂಡ್ರೆ ಆ ಲೇಖಕ ಬದುಕೋದು ಹೇಗೆ?

ನನ್ನ ಪ್ರಕಾರ ಎಷ್ಟು ಜನ ಇದ್ದಾರೆ, ಎಷ್ಟು ಜನ ಸತ್ತರು ಅಂತ ಲೆಕ್ಕ ಹಾಕಿ ಪ್ರಯೋಜನ ಇಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಸಾವು ಆದ ಮೇಲೆ ಬದುಕಿರೋರಿಗೆ ಏನು ಬದಲಾಯ್ತು? ಉತ್ತರ ಇದ್ರೆ ಆ ಸಾವು ಕಥೆಯ ಒಳಗಿದೆ. ಇಲ್ಲಾಂದ್ರೆ ಅದು ಬರೀ ಶಾಕ್. ಈ ಲೆಕ್ಕವನ್ನ ಕನ್ನಡದ ಕವಿಗಳು ಸಾವಿರ ವರ್ಷದಿಂದ ಬಿಡಿಸ್ತಾ ಬಂದಿದ್ದಾರೆ. ಫ್ಯಾಂಟಸಿ ಓದೋ ನಮ್ಮ ಹುಡುಗ ಹುಡುಗಿಯರು ಆ ಕಡೆ ತಿರುಗಿ ನೋಡಲ್ಲ ಅನ್ನೋದೇ ನನ್ನ ತಕರಾರು.

ಮೊದಲು ಎಲ್ಲರಿಗೂ ಗೊತ್ತಿರೋ ಉದಾಹರಣೆ ತಗೊಳ್ಳೋಣ. ಜಾರ್ಜ್ ಮಾರ್ಟಿನ್‌ರ 'ಎ ಗೇಮ್ ಆಫ್ ಥ್ರೋನ್ಸ್' ಬಂದಿದ್ದು 1996ರಲ್ಲಿ. ಮುನ್ನುಡಿಯ ಅಧ್ಯಾಯ ಬಿಟ್ಟರೆ ಆ ಪುಸ್ತಕದ ಕಥೆಯನ್ನ ನಾವು ಎಂಟು ಜನರ ಕಣ್ಣಿಂದ ನೋಡ್ತೀವಿ. ಅದರಲ್ಲಿ ನಾಯಕ ಅಂದ್ಕೊಂಡಿದ್ದ ನೆಡ್ ಸ್ಟಾರ್ಕ್ ತಲೆ ಮೊದಲನೇ ಪುಸ್ತಕದಲ್ಲೇ ಉರುಳುತ್ತೆ. ಇದನ್ನ ಚಟ ಅನ್ನೋಕಾಗಲ್ಲ. ಆ ಒಂದು ತಲೆ ಬಿದ್ದಿದ್ದಕ್ಕೆ ಮಗ ಉತ್ತರದ ರಾಜನಾಗ್ತಾನೆ, ಒಬ್ಬ ಮಗಳು ಒತ್ತೆಯಾಳಾಗೇ ಉಳೀತಾಳೆ, ಇನ್ನೊಬ್ಬಳು ಬೀದಿಪಾಲಾಗ್ತಾಳೆ. ಮುಂದಿನ ಎರಡು ಸಂಪುಟ ನಿಂತಿರೋದೇ ಆ ಸಾವಿನ ಮೇಲೆ.

ಆಮೇಲೆ ಏನಾಯ್ತು? ಒಬ್ಬ ಸತ್ತ ಜಾಗಕ್ಕೆ ಇಬ್ಬರು ಬಂದ್ರು. 2011ರ ಐದನೇ ಪುಸ್ತಕದ ಹೊತ್ತಿಗೆ ಎಂಟು ಜನರ ಕಣ್ಣು ಹದಿನಾರಾಯ್ತು. ಅದಕ್ಕೂ ಮುಂಚೆ, 2005ರಲ್ಲಿ, ಕಥೆ ಒಂದೇ ಪುಸ್ತಕದಲ್ಲಿ ಹಿಡಿಸದೆ ಪಾತ್ರಗಳನ್ನೇ ಎರಡು ಪಾಲು ಮಾಡಬೇಕಾಯ್ತು. ಹಾಗಾಗಿ ನಾಲ್ಕನೇ ಪುಸ್ತಕದಲ್ಲಿ ಟಿರಿಯನ್, ಜಾನ್, ಡೆನೇರಿಸ್ ಮೂವರ ಅಧ್ಯಾಯಗಳೂ ಇಲ್ಲ. ಓದುಗರು ತಮ್ಮ ಇಷ್ಟದ ಪಾತ್ರಕ್ಕೆ ಹನ್ನೊಂದು ವರ್ಷ ಕಾದ್ರು. ಮಾರ್ಟಿನ್‌ರ ನಿಜವಾದ ಕಷ್ಟ ಸಾಯಿಸೋದ್ರಲ್ಲಿಲ್ಲ, ಸತ್ತವರ ಜಾಗ ತುಂಬಿಸ್ತಾ ಹೋಗಿದ್ದರಲ್ಲಿದೆ ಅಂತ ನನಗನ್ಸುತ್ತೆ.

ಈಗ ನಮ್ಮ ಮನೆಗೆ ಬರೋಣ. ಮಹಾಭಾರತವನ್ನ ಈ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ಕೆಲವರು ಹುಬ್ಬೇರಿಸಬಹುದು. ಇತಿಹಾಸ ಅನ್ನಿ, ಕಾವ್ಯ ಅನ್ನಿ, ಧರ್ಮಗ್ರಂಥ ಅನ್ನಿ, ಕಥೆ ಕಟ್ಟೋನ ಕಷ್ಟ ಮಾತ್ರ ಅದೇ. ಕ್ಯಾಲ್ಕುಲೇಟರ್ ತೆಗೀರಿ. ಒಂದು ಅಕ್ಷೋಹಿಣಿ ಅಂದ್ರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಎಲ್ಲಾ ಸೇರಿ 2,18,700. ಕೌರವರದ್ದು 11, ಪಾಂಡವರದ್ದು 7, ಒಟ್ಟು 18 ಅಕ್ಷೋಹಿಣಿ. ಗುಣಿಸಿದ್ರೆ 39,36,600. ಕೊನೆಗೆ ಬದುಕುಳಿದ ಹೆಸರಾಂತರನ್ನ ಎರಡು ಕೈಯ ಬೆರಳಲ್ಲಿ ಹೆಚ್ಚು ಕಮ್ಮಿ ಎಣಿಸಿಬಿಡಬಹುದು. ಇಷ್ಟು ಜನ ಸಾಯೋ ಕಥೆ ಇನ್ನೊಂದು ತೋರಿಸಿ ನೋಡೋಣ!

ಆದ್ರೂ ಆ ಕಥೆ ಕುಸಿಯಲ್ಲ. ಯಾಕೆ ಅಂದ್ರೆ ಅದರಲ್ಲಿ ದೊಡ್ಡ ಸಾವುಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡಿವೆ. ಭೀಷ್ಮ ಸೇನಾಪತಿಯಾಗಿರೋವರೆಗೂ ಕರ್ಣ ಯುದ್ಧಕ್ಕೆ ಇಳಿಯಲ್ಲ. ಹತ್ತನೇ ದಿನ ಭೀಷ್ಮ ಬಿದ್ದಾಗ ಕರ್ಣನಿಗೆ ಬಾಗಿಲು ತೆರೆಯುತ್ತೆ. ಹದಿಮೂರನೇ ದಿನ ಅಭಿಮನ್ಯು ಸಾಯ್ತಾನೆ, ಅದರಿಂದ ಅರ್ಜುನನ ಪ್ರತಿಜ್ಞೆ, ಅದರಿಂದ ಮಾರನೇ ದಿನ ಸೈಂಧವನ ತಲೆ. ಅದೇ ರಾತ್ರಿ ಘಟೋತ್ಕಚನನ್ನ ಕೊಲ್ಲೋಕೆ ಕರ್ಣ ಅರ್ಜುನನಿಗೆ ಅಂತ ಎತ್ತಿಟ್ಟಿದ್ದ ಶಕ್ತ್ಯಾಯುಧವನ್ನ ಖರ್ಚು ಮಾಡಿಬಿಡ್ತಾನೆ. ಹದಿನೇಳನೇ ದಿನ ಅವನ ಕೈಯಲ್ಲಿ ಅದು ಇಲ್ಲ. ಇದರಲ್ಲಿ ಯಾವ ಸಾವನ್ನ ತೆಗೆದ್ರೂ ಮುಂದಿನದು ನಡೆಯಲ್ಲ. ಪ್ರೋಗ್ರಾಂನಲ್ಲಿ ಒಂದು ಫಂಕ್ಷನ್ ಅಳಿಸಿ ನೋಡಿ, ಕಂಪೈಲ್ ಆಗ್ಲಿಲ್ಲ ಅಂದ್ರೆ ಅದು ಬೇಕಿತ್ತು ಅಂತ ಅರ್ಥ. ಪಾತ್ರದ ಸಾವಿಗೂ ಇದೇ ಟೆಸ್ಟ್.

ಹ್ಯಾರಿ ಪಾಟರ್‌ನ ಕೊನೇ ಪುಸ್ತಕಕ್ಕೆ ಈ ಟೆಸ್ಟ್ ಹಾಕಿ. ಡಾಬಿ ಪಾಸಾಗ್ತಾನೆ. ಅವನ ಸಾವಿನಿಂದ ಹ್ಯಾರಿಯ ಮನಸ್ಸು, ಮುಂದೆ ಏನು ಮಾಡಬೇಕು ಅನ್ನೋ ತೀರ್ಮಾನ ಎರಡೂ ತಿರುಗುತ್ತೆ. ಲ್ಯೂಪಿನ್, ಟಾಂಕ್ಸ್ ಮಾತ್ರ ಪುಟದ ಆಚೆ ಎಲ್ಲೋ ಸಾಯ್ತಾರೆ, ನಮಗೆ ಸಿಗೋದು ಅಕ್ಕಪಕ್ಕ ಮಲಗಿಸಿದ ದೇಹಗಳು. ಮೂರನೇ ಪುಸ್ತಕದಿಂದ ಜೊತೆಗಿದ್ದ ಮೇಷ್ಟ್ರಿಗೆ ಇಷ್ಟೇನಾ ಅಂತ ಬೇಜಾರಾಗುತ್ತೆ. ಜನ ಜಾಸ್ತಿಯಾದಾಗ ಸಾವಿಗೂ ಜಾಗ ಸಾಲಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಕನ್ನಡದವರು ಈ ಜನಜಂಗುಳಿಯನ್ನ ಹೇಗೆ ಸಂಭಾಳಿಸಿದ್ರು ನೋಡಿ. ಪಂಪ ಕ್ರಿ.ಶ. 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೆದಾಗ ಅರ್ಜುನನೊಬ್ಬನನ್ನೇ ನಾಯಕ ಮಾಡಿ, ತನ್ನ ದೊರೆ ಅರಿಕೇಸರಿಯನ್ನ ಅವನಲ್ಲಿ ಸೇರಿಸಿಬಿಟ್ಟ. ದ್ರೌಪದಿ ಕೂಡ ಅರ್ಜುನನೊಬ್ಬನ ಹೆಂಡತಿ. ಧೈರ್ಯ ಅಂದ್ರೆ ಅದು. ಆದ್ರೂ ಪಂಪನ ಓದುಗರ ಮನಸ್ಸಲ್ಲಿ ಕೊನೆಗೆ ಉಳಿಯೋದು ಎದುರು ಪಾಳೆಯದ ಕರ್ಣ. ನಾಯಕ ಒಬ್ಬನೇ ಅಂತ ಕವಿ ತೀರ್ಮಾನ ಮಾಡಿದ್ರೂ ಸಾವು ತನ್ನ ನಾಯಕನನ್ನ ತಾನೇ ಆರಿಸ್ಕೊಳ್ಳುತ್ತೆ.

ರನ್ನ ಇನ್ನೂ ಚಾಲಾಕಿ. ಅದೇ ಶತಮಾನದ ಕೊನೇ ಭಾಗದಲ್ಲಿ ಬರೆದ 'ಗದಾಯುದ್ಧ'ದಲ್ಲಿ ಅವನು ಕಥೆ ಶುರು ಮಾಡೋದೇ ಬಹುತೇಕ ಎಲ್ಲರೂ ಸತ್ತ ಮೇಲೆ. ಹಿಂದಿನದೆಲ್ಲ ಸಿಂಹ ಕತ್ತು ಹೊರಳಿಸಿ ನೋಡೋ ಥರ, ಸಿಂಹಾವಲೋಕನ ಕ್ರಮದಲ್ಲಿ ಬರುತ್ತೆ. ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡ್ಕೊಂಡು ಹೋಗ್ತಾನೆ. ದ್ರೋಣ ಸಿಗ್ತಾನೆ, ಮಗ ಲಕ್ಷಣಕುಮಾರ ಸಿಗ್ತಾನೆ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಶತ್ರುವಿನ ಮಗ ಅಭಿಮನ್ಯು ಕೂಡ. ಒಬ್ಬೊಬ್ಬರ ಮುಂದೆಯೂ ನಿಲ್ತಾನೆ. ಇಡೀ ಯುದ್ಧದ ಗುಂಪನ್ನ ಒಬ್ಬನ ನಡಿಗೆಯಲ್ಲಿ ಹಿಡಿದಿಟ್ಟ ರೀತಿ ಇದು. ಖಳನಾಯಕ ಅಂದ್ಕೊಂಡವನು ಅಳೋದನ್ನ ನೋಡ್ತಾ ನೋಡ್ತಾ ನಾವು ಅವನ ಪಕ್ಷ ಸೇರಿಬಿಡ್ತೀವಿ.

ಯಕ್ಷಗಾನದವರದು ಮೂರನೇ ದಾರಿ. ಅಭಿಮನ್ಯು ಕಾಳಗ, ಕರ್ಣಾರ್ಜುನ ಕಾಳಗ ಅಂತ ಒಂದೊಂದು ಸಾವನ್ನ ಬಿಡಿಸಿ ಪ್ರಸಂಗ ಮಾಡಿದ್ರು. ಅಭಿಮನ್ಯು ಸಾಯ್ತಾನೆ ಅಂತ ಚೌಕಿಯಿಂದ ಹಿಡಿದು ಕೊನೇ ಸಾಲಿನ ಮಗುವಿನವರೆಗೆ ಎಲ್ಲರಿಗೂ ಗೊತ್ತು. ಆದ್ರೂ ಜನ ಕೂತು ನೋಡ್ತಾರೆ. ಸ್ಪಾಯ್ಲರ್ ಹೇಳಿದ ತಕ್ಷಣ ಸತ್ತುಹೋಗೋ ಕಥೆ ಮೊದಲೇ ಅರ್ಧ ಸತ್ತಿತ್ತು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಎಸ್.ಎಲ್. ಭೈರಪ್ಪನವರ 'ಪರ್ವ' 1979ರದ್ದು. ಅಲ್ಲಿ ವರ, ಶಾಪ, ಪವಾಡ ಯಾವುದೂ ಇಲ್ಲ. ಕುಂತಿ, ಭೀಮ, ದ್ರೌಪದಿ, ಕರ್ಣ ಅಂತ ಒಬ್ಬೊಬ್ಬರ ತಲೆಯೊಳಗೆ ಹೊಕ್ಕು ಕಥೆ ನಡೆಯುತ್ತೆ. ಪಾತ್ರಕ್ಕೊಂದು ಕಣ್ಣು ಅನ್ನೋ ಮಾರ್ಟಿನ್ ಶೈಲಿಯನ್ನ ಹೊಗಳೋರು, ಅದಕ್ಕಿಂತ ಹದಿನೇಳು ವರ್ಷ ಮುಂಚೆ ಬಂದ ಈ ಕನ್ನಡ ಕಾದಂಬರಿಯನ್ನ ಒಮ್ಮೆ ಕೈಗೆತ್ತಿಕೊಳ್ಳಿ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ಅದು ಸುಳ್ಳಲ್ಲ. "ನಿಜ ಜೀವನದಲ್ಲಿ ಸಾವಿಗೆ ಕಾರಣ, ಕೊಂಡಿ ಏನಿರುತ್ತೆ? ಸುಮ್ನೆ ಬರುತ್ತೆ, ಹೋಗ್ತಾರೆ. ಪುಸ್ತಕದಲ್ಲೂ ಹಾಗೇ ಇದ್ರೆ ಏನು ತಪ್ಪು?" ಮಹಾಭಾರತದಲ್ಲೇ ಇದಕ್ಕೆ ಉದಾಹರಣೆ ಇದೆ. ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮ ಪಾಂಡವರ ಶಿಬಿರಕ್ಕೆ ನುಗ್ಗಿ ಮಲಗಿದ್ದ ದ್ರೌಪದಿಯ ಐದೂ ಮಕ್ಕಳನ್ನ ಕೊಲ್ತಾನೆ. ಆ ಐವರ ಹೆಸರು ಗೂಗಲ್ ಮಾಡದೆ ಹೇಳಿ? ಪ್ರತಿವಿಂಧ್ಯ, ಶ್ರುತಸೋಮ ಅಂತ ಎರಡು ಹೆಸರು ಹೇಳೋರೂ ಅಪರೂಪ. ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಊರು ಬಿಟಿಎಂ ಅನ್ನೋ ಮೂರಕ್ಷರದಲ್ಲಿ ಕರಗಿದ ಹಾಗೆ, ಆ ಐದು ಹುಡುಗರು ಉಪಪಾಂಡವರು ಅನ್ನೋ ಒಂದೇ ಪದದಲ್ಲಿ ಕರಗಿಹೋದ್ರು.

ಅವರು ಸತ್ತಾಗ ನಮಗೆ ಅಳು ಬರೋದು ಅವರಿಗಾಗಿ ಅಲ್ಲ, ದ್ರೌಪದಿಗಾಗಿ. ಅಂದ್ರೆ ಅಲ್ಲೂ ಅದೇ ನಿಯಮ: ಬದುಕಿರೋರಲ್ಲಿ ಯಾರಾದ್ರೂ ಆ ಸಾವನ್ನ ಹೊರಬೇಕು. ಸಾವು ಸುಮ್ನೆ ಬರಲಿ, ಕಾರಣವಿಲ್ಲದೆ ಬರಲಿ, ಅಭ್ಯಂತರ ಇಲ್ಲ. ಬಂದ ಮೇಲೆ ಯಾರೂ ತಿರುಗಿ ನೋಡದೆ ಮುಂದಿನ ಅಧ್ಯಾಯಕ್ಕೆ ಹೋದ್ರೆ ಮಾತ್ರ ಓದುಗನ ಮನಸ್ಸು ಜಡ್ಡುಗಟ್ಟುತ್ತೆ. ಹತ್ತನೇ ಸಾವಿನ ಹೊತ್ತಿಗೆ ನಾವು ಪುಟ ತಿರುವೋ ಯಂತ್ರ ಆಗಿರ್ತೀವಿ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಫ್ಯಾಂಟಸಿ ಅಲ್ಲ, ಆದ್ರೂ ಇಲ್ಲಿ ಬೇಕು. ಅಷ್ಟೊಂದು ಪಾತ್ರಗಳಿರೋ ಕನ್ನಡ ಕಾದಂಬರಿ ಕಮ್ಮಿ. ಇವನೇ ನಾಯಕ ಅಂತ ಬೆರಳು ತೋರಿಸೋಕೆ ಆಗಲ್ಲ. ಅಷ್ಟು ಜನರ ನಡುವೆ ಓದಿದವರೆಲ್ಲ ನೆನಪಿಟ್ಟುಕೊಳ್ಳೋ ಸಾವು ಒಂದು ನಾಯಿಯದು. ಗುತ್ತಿಯ ಹುಲಿಯ, ತುಂಗೆಯ ಪ್ರವಾಹದಲ್ಲಿ. ಯಾಕೆ? ಆ ನಾಯಿ ಮೊದಲಿಂದ ಗುತ್ತಿಯ ಹಿಂದೆ ನಡೆದಿದೆ, ನಾವೂ ಅದರ ಜೊತೆ ಕಾಡು ಅಲೆದಿದ್ದೀವಿ. ಜನ ಎಷ್ಟೇ ಇರಲಿ, ಜೊತೆಗೆ ನಡೆಯೋಕೆ ಟೈಮ್ ಕೊಟ್ಟಿದ್ರೆ ಸಾಕು.

ಕೊನೆಯದಾಗಿ ಮುಗಿಯದ ಸರಣಿಗಳ ಮಾತು. ರಾಬರ್ಟ್ ಜೋರ್ಡನ್ 1990ರಲ್ಲಿ 'ವೀಲ್ ಆಫ್ ಟೈಮ್' ಶುರು ಮಾಡಿ 2007ರಲ್ಲಿ ತೀರ್ಕೊಂಡ್ರು. ಅವರ ಟಿಪ್ಪಣಿ ಇಟ್ಟುಕೊಂಡು ಬ್ರಾಂಡನ್ ಸ್ಯಾಂಡರ್ಸನ್ 2013ರಲ್ಲಿ ಹದಿನಾಲ್ಕನೇ ಸಂಪುಟದ ಹೊತ್ತಿಗೆ ಮುಗಿಸಿದ್ರು. ನಮಗಿದು ಹೊಸದಲ್ಲ. ಗದುಗಿನ ಕುಮಾರವ್ಯಾಸ ಹತ್ತು ಪರ್ವ ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಇವತ್ತಿಗೂ ಗಮಕಿಗಳ ಬಾಯಲ್ಲಿರೋದು ಆ ಹತ್ತು ಪರ್ವ. ಅದು ಅಪೂರ್ಣ ಅಂತ ಯಾರೂ ಗೊಣಗಲ್ಲ. ಕೃಷ್ಣನ ಕಥೆ ಅನ್ನೋ ಒಂದೇ ದಾರದಲ್ಲಿ ಅಷ್ಟೂ ಪಾತ್ರಗಳನ್ನ ಪೋಣಿಸಿದ್ದ, ದಾರ ಗಟ್ಟಿ ಇತ್ತು.

ನಿಮ್ಮಲ್ಲಿ ಎಷ್ಟೋ ಜನ ಲ್ಯಾಬ್ ರೆಕಾರ್ಡ್‌ನ ಹಿಂದಿನ ಪುಟದಲ್ಲಿ ಮ್ಯಾಪ್ ಬರೆದು, ಏಳು ರಾಜ್ಯ, ಐವತ್ತು ಪಾತ್ರ ಅಂತ ಪ್ಲಾನ್ ಹಾಕ್ತಿದ್ದೀರ. ಹಾಕಿ. ಕನ್ನಡದಲ್ಲೇ ಬರೀರಿ. ಒಬ್ಬನನ್ನ ಸಾಯಿಸೋ ಮುಂಚೆ ಮಾತ್ರ ಒಂದು ಕೆಲಸ ಮಾಡಿ: ಮಾರನೇ ದಿನ ಬೆಳಗ್ಗೆ ಅವನಿಲ್ಲ ಅಂತ ಯಾರಿಗೆ ಊಟ ಸೇರಲ್ಲ, ಆ ಹೆಸರು ಪಕ್ಕದಲ್ಲಿ ಬರೆದಿಡಿ. ಯಾವ ಹೆಸರೂ ಹೊಳೀಲಿಲ್ಲ ಅಂದ್ರೆ ಅವನನ್ನ ಇನ್ನೊಂದು ಅಧ್ಯಾಯ ಬದುಕೋಕೆ ಬಿಡಿ.