ರಾಜ್ಯ ದಾಟದ ನೋಂದಣಿ

ಫಿಸಿಯೋಥೆರಪಿಸ್ಟ್‌ಗಳು ‘ಡಾ.’ ಎಂದು ಬರೆದುಕೊಳ್ಳಕೂಡದು ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಸೆಪ್ಟೆಂಬರ್‌ನಲ್ಲಿ ಪತ್ರ ಹೊರಡಿಸಿತು, ಮರುದಿನವೇ ಹಿಂಪಡೆಯಿತು. ಆ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಫಿಸಿಯೋಥೆರಪಿಸ್ಟ್ ಆಗಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದರೆ ಅವರ ನೋಂದಣಿ ಏನಾಗಬೇಕು? ನನ್ನ ಉತ್ತರ ಸ್ಪಷ್ಟ: ನೋಂದಣಿ ಅವರ ಜತೆಗೇ ಹೋಗಬೇಕು. ಅದಕ್ಕೆ ಶುಲ್ಕ ಇರಬಾರದು, ಕೆಲಸ ಒಂದು ದಿನವೂ ನಿಲ್ಲಬಾರದು.

ಮಣಿಪಾಲದಲ್ಲಿ ಓದಿದವರು ಮುಂಬೈಗೆ ಹೋದರೆ ಅಲ್ಲಿನದೇ ಪರಿಷತ್ತು, ದೆಹಲಿಗೆ ಹೋದರೆ 1997ರ ಕಾಯ್ದೆಯ ಇನ್ನೊಂದು ಪರಿಷತ್ತು. ಹಲವು ರಾಜ್ಯಗಳಲ್ಲಿ ಹೆಸರು ಬರೆಸಲು ಪರಿಷತ್ತೇ ಇರಲಿಲ್ಲ. ಇದನ್ನು ಸರಿಪಡಿಸಲು ಬಂದದ್ದು 2021ರ ಆರೋಗ್ಯ ವೃತ್ತಿಗಳ ಕಾಯ್ದೆ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿಚಾರಿಸಿದಾಗ ಆ ಕಾಯ್ದೆಯಂತೆ ಪರಿಷತ್ತು ರಚಿಸಿದ್ದ ರಾಜ್ಯಗಳು 14 ಮಾತ್ರ; ಅವೂ ಕೆಲಸಕ್ಕೆ ಇಳಿದಿರಲಿಲ್ಲ. ಕೋರ್ಟು ಅಕ್ಟೋಬರ್ 12ರ ಗಡುವು ಕೊಟ್ಟಿತು. ಗಡುವು ಬಂತಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಎಂದು ನೆಮ್ಮದಿಯಿಂದ ಬರೆಯುವವರು ವಕೀಲರ ಕಾಯ್ದೆಯ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಲಿ.

1961ರ ಆ ಕಾಯ್ದೆಯ ಸೆಕ್ಷನ್ 30, ವಕೀಲರಿಗೆ ದೇಶದ ಉದ್ದಗಲಕ್ಕೂ ವೃತ್ತಿ ನಡೆಸುವ ಹಕ್ಕು ಕೊಡುತ್ತದೆ. ಕಾಯ್ದೆಯಲ್ಲಿ ಬರೆದರೇನು, ಆ ಸೆಕ್ಷನ್ ಜಾರಿಯಾಗಲೇ ಇಲ್ಲ. ಜಾರಿ ಮಾಡುವುದನ್ನು ಆರು ತಿಂಗಳೊಳಗೆ ಪರಿಶೀಲಿಸಿ ಎಂದು 1988ರಲ್ಲಿ ಸುಪ್ರೀಂ ಕೋರ್ಟೇ ಸರ್ಕಾರಕ್ಕೆ ಹೇಳಿತು. ಆಮೇಲೂ 23 ವರ್ಷ ಹಿಡಿಯಿತು. ಅದು ಜಾರಿಗೆ ಬಂದದ್ದು 2011ರ ಜೂನ್ 15ರಂದು, ಕಾಯ್ದೆಗೆ 50 ತುಂಬಿದ ಮೇಲೆ. ಕೋರ್ಟಿನಲ್ಲೇ ದಿನ ಕಳೆಯುವ, ಸಂಸತ್ತಿನಲ್ಲೂ ದೊಡ್ಡ ಸಂಖ್ಯೆಯಲ್ಲಿದ್ದ ವಕೀಲರಿಗೇ ಇಷ್ಟು ಕಾಲ ಬೇಕಾಯಿತು. ಪಾರ್ಶ್ವವಾಯು ಹೊಡೆದವರಿಗೆ ಮತ್ತೆ ಅಂಗಿಯ ಗುಂಡಿ ಹಾಕಿಕೊಳ್ಳಲು, ಅನ್ನ ಕಲಸಿ ತುತ್ತು ಎತ್ತಲು ಕಲಿಸುವವರ ಪರವಾಗಿ ದೆಹಲಿಯಲ್ಲಿ ದನಿ ಎತ್ತುವವರು ಯಾರು?

ಅದೇ ಕಾಯ್ದೆಯ ಸೆಕ್ಷನ್ 18ರಲ್ಲಿ ನಮಗೆ ಬೇಕಾದ ಮಾದರಿಯೂ ಇದೆ. ವಕೀಲರು ಒಂದು ರಾಜ್ಯದ ಪಟ್ಟಿಯಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸಲು ಅರ್ಜಿ ಹಾಕಬೇಕಾದದ್ದು ಅಖಿಲ ಭಾರತ ವಕೀಲರ ಪರಿಷತ್ತಿಗೆ. ಶುಲ್ಕವಿಲ್ಲದೆ ವರ್ಗಾಯಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹಿರಿತನವೂ ಹಾಗೇ ಉಳಿಯುತ್ತದೆ. ಇಲ್ಲಿ ತಪ್ಪು ಮಾಡಿದವರು ಅಲ್ಲಿಗೆ ಓಡಿಹೋಗುತ್ತಾರೆ ಎಂಬ ಆಕ್ಷೇಪಕ್ಕೂ ಅಲ್ಲೇ ಉತ್ತರವಿದೆ: ಶಿಸ್ತು ಕ್ರಮ ಬಾಕಿ ಇದ್ದವರ ಅರ್ಜಿಯನ್ನು, ಅವರ ಮಾತು ಕೇಳಿದ ಬಳಿಕ, ತಿರಸ್ಕರಿಸಬಹುದು. ಇಷ್ಟನ್ನು ಥೆರಪಿಸ್ಟ್‌ಗಳ ನಿಯಮಕ್ಕೆ ಎತ್ತಿಕೊಳ್ಳಲು ಹೊಸ ಸಮಿತಿ ಏಕೆ ಬೇಕು?

ಅಮೆರಿಕದಂತೆ ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಳ್ಳಲಿ ಎಂಬ ಸಲಹೆಯೂ ಇದೆ. ಅಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ರಾಜ್ಯಗಳದ್ದು, ಹಾಗಾಗಿ ಆಕ್ಯುಪೇಷನಲ್ ಥೆರಪಿಗೆ ‘ಒಟಿ ಕಾಂಪ್ಯಾಕ್ಟ್’ ಬೇಕಾಯಿತು. ಅದನ್ನು ಒಪ್ಪದ ರಾಜ್ಯಕ್ಕೆ ಹೋಗುವವರು ಮತ್ತೆ ಹೊಸ ಅರ್ಜಿಯಿಂದಲೇ ಶುರುಮಾಡಬೇಕು. ನಮ್ಮಲ್ಲಿ ವೃತ್ತಿಗಳ ವಿಷಯ ಸಮವರ್ತಿ ಪಟ್ಟಿಯ 26ನೇ ಅಂಶ. ಸಂಸತ್ತು ಈಗಾಗಲೇ ಕಾಯ್ದೆ ಮಾಡಿ, ಕೇಂದ್ರ ರಿಜಿಸ್ಟರ್ ಇರಬೇಕೆಂದೂ ಬರೆದಿದೆ. ಇರುವ ಅಧಿಕಾರವನ್ನು ಬಳಸದೆ ಒಪ್ಪಂದದ ಮಾತಾಡುವುದು ಕಾಲಹರಣ.

ಈಗ ನಿಯಮ ಬಿಗಿಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕದಲ್ಲಿ ಓದಿ ಊರಿಗೆ ಮರಳುವ ಕೇರಳದ ನರ್ಸ್‌ಗಳನ್ನು ಕೇಳಿದರೆ ಸಾಕು. ಇಲ್ಲಿನ ಪರಿಷತ್ತಿನ ಎನ್‌ಒಸಿ, ಅಲ್ಲಿನ ಪರಿಷತ್ತಿಗೆ ಅರ್ಜಿ, ಮತ್ತೊಮ್ಮೆ ಶುಲ್ಕ, ಎರಡು ಕಚೇರಿಗಳ ನಡುವೆ ಪರಿಶೀಲನೆ ಮುಗಿಯುವವರೆಗೆ ಕಾಯುವುದು. ಮದುವೆಯಾಗಿಯೋ ಗಂಡನಿಗೆ ವರ್ಗವಾಗಿಯೋ ಊರು ಬಿಡುವ ಹೆಣ್ಣುಮಕ್ಕಳಿಗೆ ಆ ಕಾಯುವ ತಿಂಗಳುಗಳೆಂದರೆ ಸಂಬಳವಿಲ್ಲದ ತಿಂಗಳುಗಳು.

ಹೊಸ ಪರಿಷತ್ತುಗಳಿಗೆ ಶುಲ್ಕದ ಆದಾಯ ರೂಢಿಯಾದ ಮೇಲೆ ಅದನ್ನು ಬಿಡಿಸುವುದು ಕಷ್ಟ. ಆದ್ದರಿಂದ 2021ರ ಕಾಯ್ದೆಯಡಿಯ ರಾಷ್ಟ್ರೀಯ ಆಯೋಗ ಮಾಡಬೇಕಾದ್ದನ್ನು ಈಗಲೇ ಮಾಡಲಿ: ಒಬ್ಬರಿಗೆ ಒಂದೇ ಸಂಖ್ಯೆ, ವಿಳಾಸ ಬದಲಾದರೆ ಆನ್‌ಲೈನ್‌ನಲ್ಲಿ ತಿಳಿಸಿದರೆ ಸಾಕು, ಹೊಸ ರಾಜ್ಯದ ಪಟ್ಟಿಗೆ ಹೆಸರು ಸೇರುವವರೆಗೆ ಹಳೆಯ ನೋಂದಣಿಯೇ ಊರ್ಜಿತ. ನಿಯಮದಲ್ಲಿ ಇದಕ್ಕೆ ಬೇಕಾದದ್ದು ನಾಲ್ಕು ಸಾಲು.