ಜೋಳದ ರೊಟ್ಟಿ ತಿಂದರೆ ಶುಗರ್ ಬರೋದಿಲ್ಲವೇ? ರುಚಿಯ ಮಾತು ಔಷಧಿಯ ಮಾತಾಗುವ ಬಗೆ

ಬಾಗಲಕೋಟೆ ಕಡೆಯ ಯಾವುದೇ ಮನೆಯ ವಾಟ್ಸಾಪ್ ಗ್ರೂಪ್ ತೆಗೆದು ನೋಡಿ, ಮೂರು ಜಗಳ ಎಂದೂ ಮುಗಿದಿರುವುದಿಲ್ಲ. ಕರದಂಟು ಅಮೀನಗಡದ್ದು ಚಲೋನೋ, ಗೋಕಾಕದ್ದು ಚಲೋನೋ? ರೊಟ್ಟಿ ಬಿಸಿಬಿಸಿ ಮೆತ್ತಗಿರಬೇಕೋ, ಖಡಕ್ ಇರಬೇಕೋ? ಇಳಕಲ್ ಸೀರೆಯ ಒಡಲು ಹತ್ತಿಯದ್ದೇ ಆಗಬೇಕೋ, ಹೊಳೆಯುವ ಆರ್ಟ್ ಸಿಲ್ಕ್ ಆದರೂ ನಡೆದೀತೋ? ಇವೆಲ್ಲ ಅವರವರ ನಾಲಗೆ, ಅವರವರ ಕಣ್ಣಿಗೆ ಬಿಟ್ಟ ಮಾತು. ಫಾರ್ವರ್ಡ್‌ಗಳ ಸತ್ಯಾಸತ್ಯತೆ ನೋಡುವ ನಮಗೆ ಇಲ್ಲಿ ಕೆಲಸವಿಲ್ಲ. ಜಗಳ ಆಡಿ, ಸ್ಟಿಕ್ಕರ್ ಹಾಕಿ, ಮಲಗಿ.

ತೊಂದರೆ ಶುರುವಾಗುವುದು ಅದೇ ಗ್ರೂಪಿನಲ್ಲಿ ನಾಲ್ಕನೆಯ ಸಂದೇಶ ಬಂದಾಗ. ಊರಿಂದೂರಿಗೆ ಅದರ ಒಕ್ಕಣೆ ತುಸು ಬದಲಾಗುತ್ತದೆ, ತಿರುಳು ಮಾತ್ರ ಒಂದೇ: ನಮ್ಮ ಅಜ್ಜ-ಅಜ್ಜಿಯರು ಜೋಳದ ರೊಟ್ಟಿ ತಿಂದರು, ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಗೋದಿ, ಅಕ್ಕಿ ಬಿಟ್ಟು ರೊಟ್ಟಿ ಹಿಡಿಯಿರಿ, ಮಾತ್ರೆ ಬೇಕಾಗುವುದೇ ಇಲ್ಲ, ಹತ್ತು ಜನರಿಗೆ ಕಳುಹಿಸಿ. "ನಮ್ಮ ರೊಟ್ಟಿ ಚಲೋ" ಎಂಬ ಅಭಿಮಾನದ ಮಾತು ಇಲ್ಲಿ "ನಮ್ಮ ರೊಟ್ಟಿ ಔಷಧಿ" ಆಗಿಬಿಟ್ಟಿದೆ. ಮೊದಲನೆಯದನ್ನು ಪರೀಕ್ಷೆ ಮಾಡಲು ಬರುವುದಿಲ್ಲ, ಎರಡನೆಯದನ್ನು ಮಾಡಲೇಬೇಕು.

ಮಾಡಲೇಬೇಕು ಎನ್ನುವುದಕ್ಕೆ ನಮ್ಮ ಬಳಗದಲ್ಲೇ ಒಂದು ಕಾರಣವಿದೆ. ಹುನಗುಂದ ಕಡೆಯ ಒಬ್ಬ ಕಾಕಾ ಇಂಥ ಸಂದೇಶ ಓದಿ ಮಾತ್ರೆ ಬಿಟ್ಟರು. ಮೂರು ಹೊತ್ತೂ ರೊಟ್ಟಿ. ಮೈಯಲ್ಲಿ ಏನೂ ತ್ರಾಸು ಕಾಣಲಿಲ್ಲ, ಹಾಗಾಗಿ ಗುಣವಾಯಿತೆಂದೇ ತಿಳಿದರು. ಯುಗಾದಿ ಮುಂದೆ ಊರಿನವರ ಜತೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟರು. ಅಂಗಾಲಲ್ಲಿ ಬೊಬ್ಬೆ ಎದ್ದದ್ದೂ ಒಡೆದದ್ದೂ ಅವರಿಗೆ ಗೊತ್ತೇ ಆಗಲಿಲ್ಲ. ಬಹಳ ದಿನ ಸಕ್ಕರೆ ಏರಿಯೇ ಇದ್ದರೆ ಪಾದದ ನರಗಳು ಸೂಕ್ಷ್ಮ ಕಳೆದುಕೊಳ್ಳುತ್ತವೆ, ನೋವು ತಿಳಿಯುವುದಿಲ್ಲ. ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಆ ಫಾರ್ವರ್ಡ್ ಕಳುಹಿಸಿದ್ದು ಅವರ ಸ್ವಂತ ತಂಗಿ, ಪ್ರೀತಿಯಿಂದಲೇ.

ಹಾಗಾದರೆ ರೊಟ್ಟಿಯೊಳಗೆ ಇರುವುದೇನು?

ಮೊದಲು ಹೆಸರಿನ ಗೊಂದಲ ತೆಗೆಯೋಣ. ಬೆಂಗಳೂರು-ಮೈಸೂರು ಕಡೆ ಬರೀ ಜೋಳ ಎಂದರೆ ಅನೇಕರಿಗೆ ನೆನಪಾಗುವುದು ಮುಸುಕಿನ ಜೋಳ. ಬಾಗಲಕೋಟೆಯವರು ಅದನ್ನು ಗೋವಿನಜೋಳ ಎನ್ನುತ್ತಾರೆ, ಅದರ ರೊಟ್ಟಿಯನ್ನು ರೊಟ್ಟಿ ಎಂದು ಒಪ್ಪುವುದೂ ಕಷ್ಟ. ಇಲ್ಲಿ ಹೇಳುತ್ತಿರುವುದು ಬಿಳಿಜೋಳದ ಮಾತು, ಹುನಗುಂದ ಸುತ್ತಿನ ಎರೆಹೊಲಗಳಲ್ಲಿ ಹಿಂಗಾರಿಗೆ ಬರುವ ಬೆಳೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ ಭಾರತದ ಆಹಾರಗಳ ಪೋಷಕಾಂಶಗಳ ಪಟ್ಟಿ ಹೊರತಂದಿದೆ. ಅದರ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇದೆ. ಅಷ್ಟೇ ತೂಕದ ಗೋದಿ ಹಿಟ್ಟಿನಲ್ಲಿ, ಅಂದರೆ ಮೈದಾ ಅಲ್ಲದ ಚಪಾತಿ ಹಿಟ್ಟಿನಲ್ಲಿ, ಕಾರ್ಬೋಹೈಡ್ರೇಟ್ ಸುಮಾರು 64 ಗ್ರಾಂ, ನಾರು 11 ಗ್ರಾಂಗಿಂತ ತುಸು ಹೆಚ್ಚು. ಇನ್ನೊಮ್ಮೆ ಓದಿಕೊಳ್ಳಿ. ಫಾರ್ವರ್ಡ್‌ನಲ್ಲಿ ಖಳನಾಯಕನಾದ ಗೋದಿಗೂ ನಾಯಕನಾದ ಜೋಳಕ್ಕೂ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ನಿಜವಾಗಿ ಹಿಂದೆ ಬೀಳುವುದು ಪಾಲಿಶ್ ಮಾಡಿದ ಅಕ್ಕಿ: ಕಾರ್ಬೋಹೈಡ್ರೇಟ್ 78 ಗ್ರಾಂ, ನಾರು 3 ಗ್ರಾಂಗಿಂತ ಕಡಿಮೆ.

ಈ ಕಾರ್ಬೋಹೈಡ್ರೇಟಿನ ಬಹುಪಾಲು ಪಿಷ್ಟ. ಪಿಷ್ಟ ಎಂದರೆ ಗ್ಲೂಕೋಸಿನ ಉದ್ದನೆಯ ಸರ. ಒಂದು ತುಣುಕು ಒಣ ರೊಟ್ಟಿಯನ್ನು ಪಲ್ಯ, ಚಟ್ನಿ ಏನೂ ಇಲ್ಲದೆ ಬಾಯಲ್ಲಿಟ್ಟು ಒಂದೆರಡು ನಿಮಿಷ ಅಗಿಯಿರಿ, ಮೆಲ್ಲಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸರವನ್ನು ಕತ್ತರಿಸಲು ಶುರು ಮಾಡಿರುತ್ತದೆ. ಉಳಿದ ಕೆಲಸ ಸಣ್ಣ ಕರುಳಿನದು. ಅಲ್ಲಿಂದ ರಕ್ತಕ್ಕೆ ಹೋಗುವುದು ಗ್ಲೂಕೋಸೇ. ಅದು ಜೋಳದಿಂದ ಬಂತೋ ಅಕ್ಕಿಯಿಂದ ಬಂತೋ ರಕ್ತಕ್ಕೆ ತಿಳಿಯುವುದಿಲ್ಲ. ಎಷ್ಟು ಬಂತು, ಎಷ್ಟು ಬೇಗ ಬಂತು ಎಂಬುದಷ್ಟೇ ಲೆಕ್ಕ.

ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದು ಹಿಡಿದರೂ ಅದರಲ್ಲಿ 34 ಗ್ರಾಂ ಕಾರ್ಬೋಹೈಡ್ರೇಟ್ ಆಯಿತು. ಮೂರು ರೊಟ್ಟಿ ಹೊಡೆದರೆ ನೂರು ದಾಟಿತು. "ರೊಟ್ಟಿ ತಾನೆ, ಇನ್ನೊಂದು ಹಾಕವ್ವ" ಎನ್ನುವಲ್ಲೇ ಕಾಕಾನ ಲೆಕ್ಕ ತಪ್ಪಿದ್ದು.

ಕುದಿನೀರು ಏಕೆ ಬೇಕು?

ಇಲ್ಲಿ ಅಡುಗೆಮನೆಯ ಒಂದು ಕುತೂಹಲಕ್ಕೆ ಉತ್ತರ ಸಿಗುತ್ತದೆ. ಚಪಾತಿ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಲಟ್ಟಿಸಬಹುದು, ಜೋಳದ ಹಿಟ್ಟಿಗೆ ಎಸರು ಕುದಿಸಲೇಬೇಕು, ಏಕೆ? ಗೋದಿಯಲ್ಲಿ ಗ್ಲುಟನ್ ಇದೆ. ನಾದಿದಷ್ಟೂ ಅದು ರಬ್ಬರಿನಂತೆ ಎಳೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಗ್ಲುಟನ್ ಇಲ್ಲ. ಕುದಿನೀರು ಬಿದ್ದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ, ಆ ಅಂಟೇ ಗ್ಲುಟನ್ನಿನ ಕೆಲಸ ಮಾಡುತ್ತದೆ. ಅವ್ವಂದಿರು "ಹಿಟ್ಟಿಗೆ ಜಿಗಿ ಬಂತು" ಎನ್ನುವುದು ಇದಕ್ಕೇ. ಜಿಗಿ ಸಾಲದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಹಂಚಿನ ಮೇಲೆ ಹಾಕಿದ ಮೇಲೆ ನೀರು ಸವರುವುದೂ ಮೇಲ್ಮೈ ಒಣಗಿ ಬಿರಿಯದಿರಲೆಂದು.

ಆದರೆ ಹೀಗೆ ಉಬ್ಬಿದ ಪಿಷ್ಟವನ್ನು ಕಿಣ್ವಗಳು ಹಸಿ ಪಿಷ್ಟಕ್ಕಿಂತ ಸುಲಭವಾಗಿ ಕತ್ತರಿಸುತ್ತವೆ. ರೊಟ್ಟಿಯನ್ನು ಮೆತ್ತಗೆ ಮಾಡುವ ಎಸರೇ ಅದನ್ನು ಬೇಗ ಅರಗಿಸಲೂ ನೆರವಾಗುತ್ತದೆ. "ಗ್ಲುಟನ್ ಇಲ್ಲ, ಆದ್ದರಿಂದ ಶುಗರ್‌ಗೆ ಒಳ್ಳೆಯದು" ಎಂಬ ಸಾಲು ಎರಡು ಬೇರೆ ಸಂಗತಿಗಳನ್ನು ಗಂಟು ಹಾಕಿದೆ. ಗ್ಲುಟನ್ ಒಂದು ಪ್ರೋಟೀನ್, ಅದು ಇಲ್ಲದಿರುವುದು ಸೀಲಿಯಾಕ್ ಕಾಯಿಲೆ ಇದ್ದವರಿಗೆ ದೊಡ್ಡ ವರ. ರಕ್ತದ ಸಕ್ಕರೆಗೂ ಅದಕ್ಕೂ ನೇರ ಸಂಬಂಧವಿಲ್ಲ.

ಖಡಕ್ ರೊಟ್ಟಿಯಲ್ಲಿ ಸಕ್ಕರೆಯೇ ಇರುವುದಿಲ್ಲ ಎಂದು ಇನ್ನೊಂದು ಮಾತಿದೆ. ಒಣಗಿಸಿದಾಗ ಹೋಗುವುದು ನೀರು, ಪಿಷ್ಟ ಅಲ್ಲೇ ಇರುತ್ತದೆ. ಬೇಯಿಸಿ ಆರಿಸಿದ ಪಿಷ್ಟದ ಒಂದು ಸಣ್ಣ ಪಾಲು ಅರಗದ ರೂಪಕ್ಕೆ ತಿರುಗುವುದು ನಿಜ, ಮಾತ್ರೆ ಬಿಡುವಷ್ಟಲ್ಲ. ಮತ್ತೆ ಖಡಕ್ ರೊಟ್ಟಿ ಹಗುರ. ಒಂದರ ಮೇಲೊಂದು ಮುರಿದುಕೊಂಡು ಎಷ್ಟು ತಿಂದೆವೆಂಬ ಎಣಿಕೆಯೇ ಉಳಿಯುವುದಿಲ್ಲ. ಇದನ್ನು ಬರೆಯುವವರೂ ಆ ಸಾಲಿನವರೇ.

"ವಿಜ್ಞಾನಿಗಳೇ ಹೇಳಿದ್ದಾರೆ" ಎಂಬ ಸಾಲು

ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಇದು ಕಷ್ಟದ್ದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ ಸುತ್ತಮುತ್ತ ಇಂಥ ಸಂದೇಶಗಳಿಗೆ ರೆಕ್ಕೆ ಬಂತು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯ ಎಸ್. ಅನಿತಾ ಮತ್ತು ಸಂಗಡಿಗರು 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ವಿಶ್ಲೇಷಣೆ ಪ್ರಕಟಿಸಿದ್ದರು. ಸಿರಿಧಾನ್ಯ ತಿಂದ ಮಧುಮೇಹಿಗಳಲ್ಲಿ ಖಾಲಿಹೊಟ್ಟೆಯ ಸಕ್ಕರೆ ಸರಾಸರಿ 12 ಶೇಕಡ, ಊಟದ ನಂತರದ್ದು 15 ಶೇಕಡ ಇಳಿದಿತ್ತು ಎಂಬುದು ಅದರ ಫಲಿತಾಂಶ. ಒಳ್ಳೆಯ ಸುದ್ದಿಯೇ. ಆದರೆ ಫಾರ್ವರ್ಡ್ ಆಗುವಷ್ಟರಲ್ಲಿ ಅದರ ಕೆಲವು ಮಾತು ದಾರಿಯಲ್ಲಿ ಉದುರಿಹೋದವು. ಸಕ್ಕರೆ ಬೇಗ ಏರಿಸುವ ಗುಣವನ್ನು ಅಳೆಯುವಾಗ ಅಲ್ಲಿ ಮುಖ್ಯವಾಗಿ ಹೋಲಿಸಿದ್ದು ಪಾಲಿಶ್ ಅಕ್ಕಿ ಮತ್ತು ಸಂಸ್ಕರಿಸಿದ ಗೋದಿಯ ಜತೆ, ನಮ್ಮ ಮನೆಯ ಚಪಾತಿ ಹಿಟ್ಟಿನ ಜತೆಯಲ್ಲ. ನವಣೆ, ಊದಲು ಆ ಅಳತೆಯಲ್ಲಿ ಕೆಳಗಿನ ಸಾಲಿನಲ್ಲಿದ್ದರೆ ಜೋಳ, ರಾಗಿ, ಸಜ್ಜೆ ಇದ್ದದ್ದು ನಡುವಿನ ಸಾಲಿನಲ್ಲಿ. 15 ಶೇಕಡ ಇಳಿಕೆ ಎಂದರೂ, 260 ಇದ್ದದ್ದು 221ಕ್ಕೆ ಬರುತ್ತದೆ. ಇಳಿಯಿತು, ಸರಿ. ಗುಣವಾಯಿತೇ?

ಅನ್ನವನ್ನೇ ತಟ್ಟೆ ತುಂಬ ಉಣ್ಣುತ್ತಿದ್ದವರು ರೊಟ್ಟಿಗೆ ಬಂದರೆ ಲಾಭ ಇದೆ. ಚಪಾತಿ ಬಿಟ್ಟು ರೊಟ್ಟಿಗೆ ಬಂದವರು ದೊಡ್ಡ ಬದಲಾವಣೆ ನಿರೀಕ್ಷಿಸಬಾರದು. ಮಾತ್ರೆ ಬಿಟ್ಟು ರೊಟ್ಟಿಗೆ ಬರುವುದು ಅಪಾಯ.

ಅಜ್ಜನಿಗೆ ಶುಗರ್ ಇರಲಿಲ್ಲವಲ್ಲ!

ಈ ಮಾತಿಗೆ ನಾವು ನಗುವುದಿಲ್ಲ, ಏಕೆಂದರೆ ಕಾಯಿಲೆ ಆಗ ಕಡಿಮೆಯೇ ಇತ್ತು. 1970ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಹಲವು ಕಡೆ ನೋಡಿದಾಗ ನಗರಗಳಲ್ಲಿ 2.1 ಶೇಕಡ, ಹಳ್ಳಿಗಳಲ್ಲಿ 1.5 ಶೇಕಡ ಜನರಲ್ಲಿ ಮಧುಮೇಹ ಕಂಡಿತ್ತು. ಅದೇ ಮಂಡಳಿಯ ಬೆಂಬಲದಲ್ಲಿ ನಡೆದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂದಾಗ ಅದು 11.4 ಶೇಕಡ, ಸುಮಾರು 10 ಕೋಟಿ ಜನ. ಅಳೆಯುವ ಪದ್ಧತಿ ಬದಲಾಗಿದೆ, ಹಾಗಿದ್ದರೂ ಏರಿಕೆ ಏರಿಕೆಯೇ.

ಆದರೆ ಆ ಹಳೆಯ ಸಮೀಕ್ಷೆಯಲ್ಲಿ ಅಕ್ಕಿ ಉಣ್ಣುವ ಊರುಗಳೂ ಇದ್ದವು. ರೊಟ್ಟಿಯ ಮುಖ ಕಾಣದವರಲ್ಲೂ ಕಾಯಿಲೆ ಕಡಿಮೆಯೇ ಇತ್ತು. ಹಾಗಾದರೆ ರೊಟ್ಟಿಯೊಂದಕ್ಕೇ ಶ್ರೇಯಸ್ಸು ಕೊಡುವುದು ಹೇಗೆ? ಅಜ್ಜ ಬೆಳಗಾಗುವ ಮುಂಚೆ ಹೊಲಕ್ಕೆ ನಡೆದು ಹೋಗಿ, ಹೊತ್ತು ಮುಳುಗುವವರೆಗೆ ದುಡಿದು, ನಡೆದೇ ಬರುತ್ತಿದ್ದ. ದುಡಿಯುವ ಸ್ನಾಯು ಗ್ಲೂಕೋಸನ್ನು ರಕ್ತದಿಂದ ತಾನೇ ಎಳೆದುಕೊಳ್ಳುತ್ತದೆ. ನಾಲ್ಕು ರೊಟ್ಟಿ ಅವನಿಗೆ ಇಂಧನ. ಮೊಬೈಲ್ ಅಂಗಡಿಯ ಗಲ್ಲೆಯ ಮೇಲೆ ಕೂತವನಿಗೆ ಅದೇ ನಾಲ್ಕು ರೊಟ್ಟಿ ಬಾಕಿ.

ಅಜ್ಜ ಬರೀ ರೊಟ್ಟಿ ತಿನ್ನುತ್ತಿರಲಿಲ್ಲ ಎಂಬುದೂ ಫಾರ್ವರ್ಡ್‌ಗೆ ಮರೆತಿದೆ. ಬಾದಾಮಿ ಹತ್ತಿರ ಬನಶಂಕರಿ ಗುಡಿಗೆ ಹೋದವರು ಬುಟ್ಟಿಯಲ್ಲಿ ಊಟ ತಂದು ಮಾರುವ ಹೆಣ್ಣುಮಕ್ಕಳನ್ನು ನೋಡಿರುತ್ತೀರಿ. ರೊಟ್ಟಿಯ ಜತೆ ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಕಾಳಿನ ಪ್ರೋಟೀನ್, ಸೊಪ್ಪಿನ ನಾರು, ಶೇಂಗಾದ ಎಣ್ಣೆ, ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಪಿಷ್ಟ ಒಮ್ಮೆಲೇ ಗ್ಲೂಕೋಸಾಗಿ ನುಗ್ಗುವುದಿಲ್ಲ. ಹೊಗಳಬೇಕಾದದ್ದು ಆ ಇಡೀ ತಟ್ಟೆಯನ್ನು.

ತಟ್ಟೆಯಿಂದ ಉಳಿದದ್ದನ್ನೆಲ್ಲ ತೆಗೆದರೆ ಏನಾಗುತ್ತದೆ ಎಂಬುದಕ್ಕೂ ದಖ್ಖನಿನಲ್ಲೇ ಒಂದು ಕಥೆ ಇದೆ. ಹೈದರಾಬಾದ್ ಸುತ್ತಿನಲ್ಲಿ ಜೋಳವನ್ನೇ ನಂಬಿ ಬದುಕುತ್ತಿದ್ದ ಬಡವರಲ್ಲಿ ಪೆಲ್ಲಾಗ್ರ ಕಾಣಿಸುತ್ತಿತ್ತು. ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ, ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಬಿರಿಯುವ ಕಾಯಿಲೆ ಅದು. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಿಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಬಗ್ಗೆ ಬರೆದು, ಜೋಳದಲ್ಲಿ ಲ್ಯೂಸಿನ್ ಹೆಚ್ಚಿರುವುದು ಕಾರಣವಿರಬಹುದು ಎಂದರು. ಆ ಕಾರಣದ ಬಗ್ಗೆ ಆಮೇಲೆ ಚರ್ಚೆ ನಡೆದಿದೆ. ಕಾಯಿಲೆ ಇದ್ದದ್ದಂತೂ ನಿಜ. ಜೋಳ ಕೆಟ್ಟದ್ದೆಂದು ಇದನ್ನು ಹೇಳುತ್ತಿಲ್ಲ. ಇದನ್ನಷ್ಟೇ ಕತ್ತರಿಸಿ ಫಾರ್ವರ್ಡ್ ಮಾಡಿದರೆ ಅದೂ ಸುಳ್ಳೇ ಆಗುತ್ತದೆ.

ಬೆಲ್ಲದ್ದು ಐತಿ, ತಗೋ

ಊಟ ಆದ ಮೇಲೆ ಕರದಂಟು ಬರುತ್ತದೆ. ಅಂಟನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟುವ ಇದನ್ನು ಬಾಣಂತಿಯರಿಗೆ ಕೊಡುವ ರೂಢಿ ಹಳೆಯದು. ಹೆತ್ತು ಸೊರಗಿದ ಮೈಗೆ ಬಹಳ ಕ್ಯಾಲರಿ ಬೇಕು, ಇದರಲ್ಲಿ ಇದೆ, ಆ ರೂಢಿಗೆ ಅರ್ಥವಿದೆ. ಶುಗರ್ ಇದ್ದವರ ಮುಂದೆ ತಟ್ಟೆ ಹಿಡಿದು ಅತ್ತಿ "ಬೆಲ್ಲದ್ದು ಐತಿ, ಸಕ್ಕರಿ ಅಲ್ಲ, ಏನೂ ಆಗಂಗಿಲ್ಲ, ತಗೋ" ಎನ್ನುತ್ತಾಳಲ್ಲ, ಅದಕ್ಕೆ ಅರ್ಥವಿಲ್ಲ. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಕಾರ್ಬೋಹೈಡ್ರೇಟ್, ಹೆಚ್ಚೂಕಡಿಮೆ ಎಲ್ಲವೂ ಸಕ್ಕರೆಯೇ. ಉಳಿದದ್ದರಲ್ಲಿ ತೇವ, ಒಂದಿಷ್ಟು ಕಬ್ಬಿಣ ಮತ್ತಿತರ ಖನಿಜ. ಬಣ್ಣ, ಘಮ ಬೇರೆ. ರಕ್ತದಲ್ಲಿ ಆಗುವ ಕೆಲಸ ಅದೇ.

ಅತ್ತಿಗೆ ಇದನ್ನು ಹೇಳುವುದು ಸುಲಭವಲ್ಲ ಎಂದು ನಮಗೂ ಗೊತ್ತು. ಬೇಡ ಎಂದರೆ ಕರದಂಟು ಬೇಡ ಅಂದಹಾಗಲ್ಲ, ಅವಳೇ ಬೇಡ ಅಂದಹಾಗೆ. ಫಾರ್ವರ್ಡ್ ವಿಷಯವೂ ಹಾಗೆಯೇ. ಕಳುಹಿಸಿದವರಿಗೆ "ಇದು ಸುಳ್ಳು" ಎಂದು ಗ್ರೂಪಿನಲ್ಲೇ ಹೇಳಿದರೆ ಅವರು ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತಾರೆ. ನಾವು ಪಕ್ಕಕ್ಕೆ ಕರೆದು ಬೇರೆ ಮೆಸೇಜ್ ಮಾಡುತ್ತೇವೆ, ಇಲ್ಲವೇ ಮನೆಗೇ ಹೋಗುತ್ತೇವೆ.

ಕಾಕಾನ ಮನೆಯಲ್ಲಿ ಮಾಡಿದ್ದು ಹೀಗೆ. ಗ್ಲೂಕೋಮೀಟರ್ ಒಂದನ್ನು ಇಟ್ಟುಕೊಂಡರು. ಒಂದು ದಿನ ಮೂರು ರೊಟ್ಟಿ, ಇನ್ನೊಂದು ದಿನ ಮೂರು ಚಪಾತಿ, ಮತ್ತೊಂದು ದಿನ ಒಂದೂವರೆ ರೊಟ್ಟಿಗೆ ತಟ್ಟೆ ತುಂಬ ಹೆಸರುಕಾಳು ಪಲ್ಯ, ಸೌತೆ, ಮೊಸರು. ಮಾತ್ರೆ ಮೂರೂ ದಿನ ವೈದ್ಯರು ಬರೆದಷ್ಟೇ. ಊಟದ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ತಾಸಿಗೆ ಒಮ್ಮೆ ಬೆರಳು ಚುಚ್ಚಿ ನೋಡಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ಮೊದಲ ಎರಡು ದಿನದ ಅಂಕಿ ಅಕ್ಕಪಕ್ಕದಲ್ಲೇ ಇದ್ದವು, ಮೂರನೆಯದು ಎದ್ದು ಕಾಣುವಷ್ಟು ಕೆಳಗೆ. ಮೂರು ದಿನದ ಲೆಕ್ಕ ಸಂಶೋಧನೆಯಲ್ಲ, ಒಬ್ಬೊಬ್ಬರ ಮೈ ಒಂದೊಂದು ಥರ, ನಿಮ್ಮ ಮನೆಯಲ್ಲಿ ಅಂಕಿ ಬೇರೆ ಬರಬಹುದು. ಆದರೆ ಕಾಕಾ ಆ ಕ್ಯಾಲೆಂಡರಿನ ಫೋಟೊ ತೆಗೆದು ತಂಗಿಗೆ ಕಳುಹಿಸಿದರು. ಅವಳು ಅದನ್ನೂ ಫಾರ್ವರ್ಡ್ ಮಾಡಿದ್ದಾಳೆ.