ಓದದೆ ಹಾಕಿದ ಸಹಿ

ಸರ್ವಿಸ್ ಮುಗಿಸಿ ಕಾರು ಮನೆಗೆ ಬಂದ ದಿನ ನಿಮ್ಮ ಮನೆಯ ವಾತಾವರಣ ಹೇಗಿರುತ್ತದೆ? ನಮ್ಮ ಮನೆಯಲ್ಲಂತೂ ಕಳೆದ ಬಾರಿ ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನಾವಿರುವುದು ಬೆಂಗಳೂರಿನ ಆರ್.ಟಿ. ನಗರದಲ್ಲಿ. ನಮ್ಮದು ಏಳು ವರ್ಷ ಹಳೆಯ ಸಣ್ಣ ಕಾರು. ಹೆಬ್ಬಾಳದ ಕಡೆಗಿರುವ ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಬೆಳಿಗ್ಗೆ ಕಾರು ಬಿಟ್ಟು ನಮ್ಮವರು ಕೆಲಸಕ್ಕೆ ಓಡಿದ್ದರು. "ಆರೂವರೆ ಸಾವಿರ ಆಗಬಹುದು ಸಾರ್" ಎಂದಿದ್ದ ಅಲ್ಲಿನ ಹುಡುಗ. ಸಂಜೆ ಕೈಗೆ ಬಂದ ಬಿಲ್ಲು 13,870 ರೂಪಾಯಿ! ಅತ್ತೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಅದನ್ನು ಕಟ್ಟಿ ಬಂದರು. ಮನೆಗೆ ಬಂದವರು, "ಅಮ್ಮೀ, ಡಾಕ್ಟರು ಮುಂದಿನ ತಿಂಗಳು ಬರಲು ಹೇಳಿದ್ದಾರೆ" ಎಂದುಬಿಟ್ಟರು. ಬಿಲ್ಲಿಗಿಂತ ಆ ಸುಳ್ಳು ನನ್ನನ್ನು ಹೆಚ್ಚು ನೋಯಿಸಿತು.

"ಯಾಕೆ ಇಷ್ಟಾಯಿತು ಅಂತ ಕೇಳಬಾರದಿತ್ತೇ?" ಎಂದೆ.

"ಸುತ್ತ ಹತ್ತು ಜನ ಕೂತಿದ್ದರು. ಅಷ್ಟು ಜನರ ಮುಂದೆ ಬಿಲ್ಲಿನ ಜಗಳ ಹೇಗೆ ತೆಗೆಯೋದು?" ಎಂದರು.

ನೋಡಿ, ಸೊಪ್ಪಿನವಳ ಬಳಿ ಐದು ರೂಪಾಯಿಗೆ ಚೌಕಾಸಿ ಮಾಡುವವರು ನಾವು. ಗಾಜಿನ ಕಟ್ಟಡದೊಳಗೆ ಕಾಲಿಟ್ಟರೆ ಸಾಕು, ಬಾಯಿ ಕಟ್ಟಿಹೋಗುತ್ತದೆ.

ಮರುದಿನ ಬಿಲ್ಲು ಹಿಡಿದು ನಮ್ಮ ಬೀದಿಯ ಗ್ಯಾರೇಜಿನ ಉಸ್ತಾದರ ಬಳಿ ಹೋದೆವು. ಊರ ಕಡೆ ಉಸ್ತಾದ್ ಎಂದರೆ ಮದ್ರಸದ ಗುರುಗಳು. ಇಲ್ಲಿ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್‌ಗೂ ಅದೇ ಗೌರವ. ಅವರು ಸಾಲು ಸಾಲಾಗಿ ಓದಿದರು. ಆಯಿಲ್, ಫಿಲ್ಟರ್, ಮಾಮೂಲಿ ಕೂಲಿ ಸೇರಿ 6,500 ಸರಿಯಾಗಿಯೇ ಇತ್ತು. ಮೇಲಿನದ್ದು ಬ್ರೇಕ್ ಪ್ಯಾಡ್ 2,900, ಎ.ಸಿ. ಕ್ಲೀನಿಂಗ್ 1,450, ಎಂಜಿನ್ ಕ್ಲೀನಿಂಗ್ 1,650, ಒಳಗಿನ ಸೀಟು ಕ್ಲೀನಿಂಗ್ 1,370.

"ಕಳ್ಳರು!" ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಉಸ್ತಾದ್ ಕೈ ಅಡ್ಡ ಮಾಡಿದರು. ಡಿಕ್ಕಿಯಲ್ಲಿ ಕವರಿನಲ್ಲಿಟ್ಟು ಕೊಟ್ಟಿದ್ದ ಹಳೆಯ ಪ್ಯಾಡುಗಳನ್ನು ತೆಗೆದು ತೋರಿಸಿದರು. "ನೋಡು ಬೇಟಿ, ಪೂರ್ತಿ ಸವೆದಿದೆ. ಇದನ್ನು ಬದಲಾಯಿಸಿದ್ದು ಒಳ್ಳೆಯದೇ ಆಯಿತು. ಎ.ಸಿ. ಕ್ಲೀನಿಂಗಿಗೆ ಜಾಬ್ ಕಾರ್ಡಿನಲ್ಲಿ ಟಿಕ್ ಇದೆ, ಕೆಳಗೆ ನಿನ್ನ ಗಂಡನ ಸಹಿಯೂ ಇದೆ. ಉಳಿದೆರಡಕ್ಕೆ ಮಾತ್ರ ನಿಮ್ಮನ್ನು ಯಾರೂ ಕೇಳಿಲ್ಲ."

ನಮ್ಮವರು ತಲೆ ತಗ್ಗಿಸಿದರು. ಆ ಕಾಗದವನ್ನು ಅವರು ಓದಿಯೇ ಇರಲಿಲ್ಲ. ಮೋಸ ಹೋದೆವು ಎಂಬ ಭಾವನೆ ಬೇರೆ, ನಿಜವಾದ ಮೋಸ ಬೇರೆ. ಸಿಟ್ಟಿನಲ್ಲಿ ಎರಡನ್ನೂ ಒಂದು ಮಾಡಿದರೆ ನಮ್ಮ ನ್ಯಾಯವಾದ ಮಾತಿಗೂ ಬೆಲೆ ಇರುವುದಿಲ್ಲ. ನಾವು ಆ ಎರಡು ಬಾಬ್ತುಗಳ ಬಗ್ಗೆ ಮಾತ್ರ ಮ್ಯಾನೇಜರಿಗೆ ಬರೆದು ಕೊಟ್ಟೆವು. ಮೊದಲು ಆಗುವುದಿಲ್ಲ ಎಂದರು. ನಮ್ಮ ಒಪ್ಪಿಗೆ ಎಲ್ಲಿದೆ, ತೋರಿಸಿ ಎಂದಾಗ ತೋರಿಸಲು ಏನೂ ಇರಲಿಲ್ಲ. ಹತ್ತು ದಿನಗಳಲ್ಲಿ 3,020 ರೂಪಾಯಿ ಖಾತೆಗೆ ಮರಳಿ ಬಂತು.

ಹಾಗೆಂದು ತಪ್ಪೆಲ್ಲ ಗ್ರಾಹಕನದ್ದೇ ಅಲ್ಲ. ಬಿಡಿಭಾಗಗಳ ವಿಷಯದಲ್ಲಿ ಕಂಪೆನಿಗಳ ಹಿಡಿತ ಎಷ್ಟು ಬಿಗಿ ಎಂಬುದು ಹಿಂದೆಯೇ ಬಯಲಾಗಿದೆ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಅಸಲಿ ಬಿಡಿಭಾಗಗಳು ಮತ್ತು ದೋಷ ಪತ್ತೆ ಮಾಡುವ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಗ್ರಾಹಕರನ್ನು ಕಟ್ಟಿಹಾಕಲಾಗಿದೆ ಎಂದು ಕಂಡ ಆಯೋಗ, 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎನ್ನುವ ಷರತ್ತು ಹಾಕಬಾರದೆಂದೂ ಹೇಳಿತು. ಕಂಪೆನಿಗಳು ಮೇಲ್ಮನವಿಗೆ ಹೋದವು. ಆದರೆ ನಮ್ಮ ಸಂಶಯಕ್ಕೆ ಕಾರಣವಿತ್ತು ಎಂಬುದಂತೂ ಆ ಆದೇಶದಿಂದ ಸ್ಪಷ್ಟವಾಯಿತು.

ಹಾಗಾದರೆ ನಾವೇನು ಮಾಡಬೇಕು? ಕಾರು ಬಿಡುವಾಗಲೇ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಜಾಬ್ ಕಾರ್ಡಿನ ಪ್ರತಿಯೊಂದು ಟಿಕ್ ಏನೆಂದು ಕೇಳಿ, ಬೇಡದ್ದನ್ನು ಹೊಡೆದು ಹಾಕಿಸಿ, ನಂತರ ಸಹಿ ಮಾಡಿ. "ಇದಕ್ಕಿಂತ ಹೆಚ್ಚಿನ ಕೆಲಸವಿದ್ದರೆ ಕೇಳಿಯೇ ಮಾಡಿ" ಎಂದು ಅದೇ ಕಾಗದದಲ್ಲಿ ಬರೆಯಿರಿ. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ತೆರಿಗೆಯನ್ನೂ ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆ ಜಿ.ಎಸ್‌.ಟಿ. ಶೇಕಡಾ 18. ಅದಕ್ಕೆ ಮೊದಲು ಹಲವು ಭಾಗಗಳಿಗೆ 28 ಇತ್ತು.

ಬಿಲ್ಲು ಒಪ್ಪಿಗೆಯಾಗದಿದ್ದರೆ ಕಾರನ್ನು ಬಲವಂತವಾಗಿ ತರಲು ಹೋಗಬೇಡಿ. 1872ರ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಒಪ್ಪಿದ ಕೆಲಸದ ಹಣ ಸಿಗುವವರೆಗೆ ರಿಪೇರಿ ಮಾಡಿದವರು ವಾಹನವನ್ನು ಇಟ್ಟುಕೊಳ್ಳಬಹುದು. "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬಿಲ್ಲಿನ ಮೇಲೆ ಬರೆದು ಹಣ ಕಟ್ಟಿ, ಆಮೇಲೆ ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ತೆತ್ತ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹೋಗಬೇಕು, ಅಷ್ಟೇ.

ಸಹೋದರಿಯರೇ, ಕಾರಿನ ವಿಷಯ ಗಂಡಸರದ್ದೆಂದು ಸುಮ್ಮನಿರಬೇಡಿ. ಖರ್ಚಾಗುವುದು ಮನೆಯ ಹಣ. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚು ಹಣ ತೆತ್ತು ಬಂದವರನ್ನು ಹಂಗಿಸಬೇಡಿ. ಹಂಗಿಸಿದರೆ ಮುಂದಿನ ಬಾರಿ ಬಿಲ್ಲನ್ನೇ ಮುಚ್ಚಿಡುತ್ತಾರೆ.

ಹಣ ಮರಳಿದ ದಿನ ನಮ್ಮವರು ತಾಯಿಯ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದರು. ಡಾಕ್ಟರು ದಿನಾಂಕ ಮುಂದೂಡಿರಲಿಲ್ಲ ಎಂಬುದನ್ನೂ ಹೇಳಿದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ತಲೆ ಸವರುತ್ತಾ, "ನನಗಾದರೆ ಕಣ್ಣಿಗೆ ಪೊರೆ ಬಂದಿದೆ ಬೇಟಾ, ಓದಲು ನಿನಗೇನಾಗಿತ್ತು?" ಎಂದರು.